ಹೋರಿ ಮೂತಿ ಎತ್ತುವುದು ಏಕೆ: ಪ್ರಾಣಿಗಳ ಮೂತ್ರದಲ್ಲಿರುವ ದೇಹದ ಸುದ್ದಿ

ಬೆದೆಗೆ ಬಂದ ಹಸು ಗಂಜಲ ಹೊಯ್ಯುವಾಗ ಹೋರಿ ಏನು ಮಾಡುತ್ತದೆ ಅನ್ನುವುದನ್ನು ಈ ಸಭೆಯಲ್ಲಿ ಸೇರಿರುವ ದನ ಕಟ್ಟಿದವರು, ವಿದ್ಯಾರ್ಥಿಗಳು, ನಿಮ್ಮಲ್ಲಿ ಬಹಳ ಜನ ಕಣ್ಣಾರೆ ಕಂಡಿದ್ದೀರಿ. ಬೀಳುತ್ತಿರುವ ಗಂಜಲಕ್ಕೇ ಮೂತಿ ಒಡ್ಡುತ್ತದೆ. ನಾಲಿಗೆಗೆ ಸ್ವಲ್ಪ ತಾಗಿಸಿಕೊಳ್ಳುತ್ತದೆ. ಆಮೇಲೆ ಕತ್ತು ಚಾಚಿ, ಮೂತಿ ಮೇಲಕ್ಕೆತ್ತಿ, ಮೇಲ್ದುಟಿ ಸುರುಟಿಕೊಂಡು ಹಾಗೇ ನಿಂತುಬಿಡುತ್ತದೆ. ನೋಡುವವರಿಗೆ ಹಲ್ಲು ಕಿರಿದ ಹಾಗೆ ಕಾಣುತ್ತದೆ, ಮಕ್ಕಳು ನಗುತ್ತಾರೆ. ಹೋರಿಗೆ ಮಾತ್ರ ಅದು ಬಹಳ ಗಂಭೀರವಾದ ಕೆಲಸ. ಆ ಕೆಲವು ಸೆಕೆಂಡುಗಳಲ್ಲಿ ಅದು ಹಸುವಿನ ಅಂಡಾಶಯದಲ್ಲಿ ಏನು ನಡೆಯುತ್ತಿದೆ ಎಂದು ವಿಚಾರಿಸಿಕೊಳ್ಳುತ್ತಿರುತ್ತದೆ.

ದನಗಳಿಗೆ ಮೇಲ್ದವಡೆಯಲ್ಲಿ ಮುಂದಿನ ಹಲ್ಲಿಲ್ಲ, ಗಟ್ಟಿ ವಸಡು ಮಾತ್ರ ಇದೆ ಅನ್ನುವುದು ನಿಮಗೆ ಗೊತ್ತು. ಆ ವಸಡಿನ ಹಿಂದೆಯೇ, ಬಾಯಿಯ ಅಂಗುಳದ ಮೇಲೆ, ಎರಡು ಸಣ್ಣ ರಂಧ್ರಗಳಿವೆ. ಸತ್ತ ದನದ ಬಾಯಿ ಬಿಡಿಸಿ ತೋರಿಸಿದಾಗ ವಿದ್ಯಾರ್ಥಿಗಳಿಗೆ ಅವು ಮೊದಲ ನೋಟಕ್ಕೆ ಕಾಣುವುದೇ ಇಲ್ಲ, ಸಪೂರವಾದ ಕಡ್ಡಿ ತೂರಿಸಿ ತೋರಿಸಬೇಕು. ಆ ರಂಧ್ರಗಳು ಮೂಗಿನ ತಳದಲ್ಲಿರುವ ಒಂದು ವಿಶೇಷ ಅಂಗಕ್ಕೆ ಹೋಗಿ ಸೇರುತ್ತವೆ. ಡೆನ್ಮಾರ್ಕಿನ ಅಂಗರಚನಾ ತಜ್ಞ ಜೇಕಬ್‌ಸನ್ 19ನೇ ಶತಮಾನದ ಆರಂಭದಲ್ಲಿ ಅದನ್ನು ವಿವರಿಸಿದ, ಹಾಗಾಗಿ ಅದಕ್ಕೆ ಜೇಕಬ್‌ಸನ್ನನ ಅಂಗ ಎಂದೇ ಹೆಸರು. ಹೋರಿ ಮೂತಿ ಎತ್ತಿ ತುಟಿ ಸುರುಟಿದಾಗ ಗಂಜಲದಲ್ಲಿರುವ, ಗಾಳಿಯಲ್ಲಿ ಹಾರದಂಥ ಭಾರವಾದ ಅಣುಗಳೂ ಆ ಅಂಗವನ್ನು ತಲುಪುತ್ತವೆ. ಬರೀ ಮೂಸಿದರೆ ಅವು ಸಿಗುವುದಿಲ್ಲ. ಟಗರು, ಹೋತ, ಗಂಡು ಕುದುರೆ ಎಲ್ಲವೂ ಇದನ್ನೇ ಮಾಡುತ್ತವೆ. ಆನೆ ಬೇರೆ ದಾರಿ ಹಿಡಿದಿದೆ, ಅದಕ್ಕೆ ಆಮೇಲೆ ಬರುತ್ತೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಗೋಮೂತ್ರ ಮನುಷ್ಯರಿಗೆ ಔಷಧಿಯೇ ಅನ್ನುವ ಚರ್ಚೆಗೆ ನಾನು ಇವತ್ತು ಹೋಗುವುದಿಲ್ಲ. ನನ್ನ ವಿಷಯ, ಮೂತ್ರ ಹೊಯ್ದ ಪ್ರಾಣಿಯ ಬಗ್ಗೆ ಆ ಮೂತ್ರ ಏನು ಹೇಳುತ್ತದೆ ಅನ್ನುವುದು. ಸೂಜಿ ಚುಚ್ಚದೆ, ಹಗ್ಗ ಬಿಗಿಯದೆ, ಹೆದರಿಸದೆ ಪ್ರಾಣಿಯ ದೇಹದ ಒಳಗಿನ ಸಂಗತಿ ತಿಳಿಯಲು ಇಷ್ಟು ಸುಲಭವಾಗಿ ಸಿಗುವ ವಸ್ತು ಇನ್ನೊಂದಿಲ್ಲ. ಒಂದು ಹಸು ದಿನಕ್ಕೆ ಸುಮಾರು 10ರಿಂದ 20 ಲೀಟರ್ ಹೊಯ್ಯುತ್ತದೆ. ಅಷ್ಟನ್ನೂ ನಾವು ಕೊಟ್ಟಿಗೆಯ ಕಾಲುವೆಗೆ ಬಿಡುತ್ತೇವೆ.

ಈ ಸುದ್ದಿ ಮೂತ್ರಕ್ಕೆ ಬರುವುದು ಹೇಗೆ? ಹೃದಯ ಹೊರಹಾಕುವ ರಕ್ತದಲ್ಲಿ ಸುಮಾರು ಐದನೇ ಒಂದು ಭಾಗ ಪ್ರತಿ ನಿಮಿಷವೂ ಮೂತ್ರಪಿಂಡಗಳ ಮೂಲಕ ಹಾದುಹೋಗುತ್ತದೆ. ಈಸ್ಟ್ರೋಜೆನ್, ಪ್ರೊಜೆಸ್ಟರೋನ್, ಕಾರ್ಟಿಸಾಲ್ ಮುಂತಾದ ಹಾರ್ಮೋನುಗಳು ಎಣ್ಣೆಯಲ್ಲಿ ಕರಗುವ ಜಾತಿಯವು, ನೀರಿನಲ್ಲಿ ಕರಗಲು ಒಲ್ಲೆ ಅನ್ನುತ್ತವೆ. ಯಕೃತ್ತು ಅವುಗಳ ಕೆಲಸ ಮುಗಿದ ಮೇಲೆ ಅವಕ್ಕೆ ಒಂದು ಸಕ್ಕರೆ ಆಮ್ಲವನ್ನೋ ಗಂಧಕದ ತುಣುಕನ್ನೋ ಅಂಟಿಸಿ ನೀರಿಗೆ ಒಗ್ಗುವಂತೆ ಮಾಡುತ್ತದೆ. ಆಮೇಲೆ ಅವು ಮೂತ್ರದಲ್ಲಿ ಹೋಗುತ್ತವೆ. ರಕ್ತದ ಮಾದರಿ ಆ ಗಳಿಗೆಯ ಸಂಗತಿ ಹೇಳಿದರೆ, ಮೂತ್ರದ ಮಾದರಿ ಹಿಂದಿನ ಕೆಲವು ಗಂಟೆಗಳದ್ದನ್ನು ಒಟ್ಟು ಸೇರಿಸಿ ಹೇಳುತ್ತದೆ. ಸೂಜಿ ಕಂಡು ಬೆದರಿದ ಪ್ರಾಣಿಯ ರಕ್ತದಲ್ಲಿ ಕಾರ್ಟಿಸಾಲ್ ಕೆಲವೇ ನಿಮಿಷಗಳಲ್ಲಿ ಏರಿಬಿಡುತ್ತದೆ. ಆದರೆ ಅದಾಗಲೇ ಮೂತ್ರಕೋಶದಲ್ಲಿ ತುಂಬಿರುವ ಮೂತ್ರ ಆ ಬೆದರಿಕೆಗೆ ಮುಂಚಿನ ಸುದ್ದಿಯನ್ನೇ ಹಿಡಿದುಕೊಂಡಿರುತ್ತದೆ. ಆಫ್ರಿಕಾದ ಕಾಡುಗಳಲ್ಲಿ ಚಿಂಪಾಂಜಿಗಳ ಅಧ್ಯಯನ ಮಾಡುವವರು ಇದಕ್ಕೇ ಮರದಡಿಯಲ್ಲಿ ಕಾದು, ಎಲೆಗಳ ಮೇಲೆ ಬಿದ್ದ ಮೂತ್ರದ ಹನಿಗಳನ್ನು ಹೀರುಗೊಳವೆಯಲ್ಲಿ ಎತ್ತಿಕೊಳ್ಳುತ್ತಾರೆ. ಪ್ರಾಣಿಯನ್ನು ಮುಟ್ಟುವುದೇ ಇಲ್ಲ.

ಮೂತ್ರದಲ್ಲಿರುವ ಸುದ್ದಿಯಲ್ಲಿ ಎರಡು ಬಗೆ. ಇವನ್ನು ಬೆರೆಸಿಕೊಂಡರೆ ಮುಂದಿನದೆಲ್ಲ ಗೊಂದಲ. ಕೆಲವು ರಾಸಾಯನಿಕಗಳು ಇನ್ನೊಂದು ಪ್ರಾಣಿಗೆ ತಿಳಿಸುವುದಕ್ಕೆಂದೇ ವಿಕಾಸಗೊಂಡಿವೆ. ಅವುಗಳನ್ನು ದೇಹವೇ ಕಷ್ಟಪಟ್ಟು ತಯಾರಿಸುತ್ತದೆ. ಇನ್ನು ಕೆಲವು ದೇಹದ ವ್ಯವಹಾರದಲ್ಲಿ ಉಳಿದು ಹೊರಬಿದ್ದವು, ಯಾರಿಗೂ ಹೇಳಬೇಕೆಂದು ಹೊರಟವಲ್ಲ. ಮೊದಲನೆಯದನ್ನು ಓದುವುದರಲ್ಲಿ ಪ್ರಾಣಿಗಳೇ ನಮಗಿಂತ ಮುಂದು. ಎರಡನೆಯದನ್ನು ಓದಲು ಪ್ರಯೋಗಶಾಲೆ ಬೇಕು, ಕೆಲವೊಮ್ಮೆ ಒಂದು ಚಿಟಿಕೆ ಪುಡಿ ಸಾಕು.

ಮೊದಲನೆಯದಕ್ಕೆ ನನಗೆ ಗೊತ್ತಿರುವ ಅತ್ಯಂತ ಸೊಗಸಾದ ಉದಾಹರಣೆ ಏಷ್ಯಾದ ಆನೆಯದ್ದು, ಅಂದರೆ ನಮ್ಮ ನಾಗರಹೊಳೆ, ಬಂಡೀಪುರದ ಆನೆಯದ್ದು. ಹೆಣ್ಣಾನೆಯ ಋತುಚಕ್ರ ಬಹಳ ದೀರ್ಘ. ಹಸುವಿಗೆ 21 ದಿನವಾದರೆ ಆನೆಗೆ ಹತ್ತಿರ ಹತ್ತಿರ ನಾಲ್ಕು ತಿಂಗಳು. ಅಷ್ಟು ದಿನಗಳಲ್ಲಿ ಗರ್ಭ ಕಟ್ಟಬಹುದಾದ ಅವಧಿ ಕೆಲವೇ ದಿನ. ಗಂಡಾನೆ ಬೇರೆಲ್ಲೋ ಅಲೆಯುತ್ತಿರುತ್ತದೆ, ಹೆಣ್ಣಾನೆಗಳ ಗುಂಪು ಇನ್ನೆಲ್ಲೋ ಮೇಯುತ್ತಿರುತ್ತದೆ. ಆ ಕೆಲವು ದಿನಗಳಲ್ಲಿ ಇಬ್ಬರೂ ಸೇರುವುದು ಹೇಗೆ?

ಅಮೆರಿಕದ ಒರೆಗಾನ್‌ನಲ್ಲಿ ಬೆಟ್ಸ್ ರಾಸ್‌ಮುಸೆನ್ ಎಂಬ ಜೀವರಸಾಯನ ವಿಜ್ಞಾನಿ ಈ ಪ್ರಶ್ನೆಯ ಬೆನ್ನು ಹತ್ತಿ ವರ್ಷಗಟ್ಟಲೆ ಹೆಣ್ಣಾನೆಗಳ ಮೂತ್ರ ಸಂಗ್ರಹಿಸಿದರು. ಆನೆ ದಿನಕ್ಕೆ ಸುಮಾರು 50 ಲೀಟರ್ ಹೊಯ್ಯುತ್ತದೆ, ಮಾದರಿಗೆ ಕೊರತೆಯಿಲ್ಲ. ಕಷ್ಟ ಇದ್ದದ್ದು ಅದರೊಳಗಿನ ನೂರಾರು ರಾಸಾಯನಿಕಗಳಲ್ಲಿ ಗಂಡಾನೆಗೆ ಬೇಕಾದದ್ದು ಯಾವುದು ಎಂದು ಆರಿಸುವುದರಲ್ಲಿ. ಮೂತ್ರವನ್ನು ಭಾಗ ಭಾಗವಾಗಿ ಬೇರ್ಪಡಿಸುವುದು, ಪ್ರತಿ ಭಾಗವನ್ನೂ ಗಂಡಾನೆಯ ಮುಂದೆ ಇಡುವುದು, ಅದು ಏನು ಮಾಡುತ್ತದೆ ಎಂದು ನೋಡುವುದು. ಆನೆ ಸೊಂಡಿಲ ತುದಿಯಿಂದ ಮೊದಲು ಮೂಸುತ್ತದೆ. ಆಸಕ್ತಿ ಹುಟ್ಟಿದರೆ ಸೊಂಡಿಲ ತುದಿಯ ಬೆರಳನ್ನು ದ್ರವಕ್ಕೆ ಒತ್ತುತ್ತದೆ. ಆಮೇಲೆ ಸೊಂಡಿಲನ್ನು ಮಡಚಿ ಬಾಯೊಳಗೆ ತಂದು, ಆ ಬೆರಳನ್ನು ಅಂಗುಳದ ರಂಧ್ರಗಳಿಗೆ ತಾಗಿಸುತ್ತದೆ. ಹೋರಿ ತುಟಿ ಸುರುಟಿ ಮಾಡುವ ಕೆಲಸವನ್ನು ಆನೆ ಸೊಂಡಿಲಿನಿಂದ ಮಾಡುತ್ತದೆ. ಯಾವ ಭಾಗಕ್ಕೆ ಗಂಡಾನೆ ಹೀಗೆ ಮತ್ತೆ ಮತ್ತೆ ಮಾಡಿತೋ ಅದನ್ನು ಇನ್ನೂ ಬೇರ್ಪಡಿಸುವುದು. ಪ್ರಯೋಗಶಾಲೆಯ ಯಂತ್ರಕ್ಕಿಂತ ಗಂಡಾನೆಯೇ ಅಲ್ಲಿ ಮುಖ್ಯ ಪರೀಕ್ಷಕ.

1996ರಲ್ಲಿ ಉತ್ತರ ಸಿಕ್ಕಿತು, ನೇಚರ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಆ ವಸ್ತುವಿನ ಹೆಸರು ಝಡ್-7-ಡೋಡೆಸೆನೈಲ್ ಅಸಿಟೇಟ್. ಹೆಸರು ನೆನಪಿಡಬೇಕಾಗಿಲ್ಲ. ಆದರೆ ಈ ಸಂಗತಿ ನೆನಪಿಡಿ: ಇದೇ ಅಣುವನ್ನು ನೂರಕ್ಕೂ ಹೆಚ್ಚು ಜಾತಿಯ ಪತಂಗಗಳು ಹೆಣ್ಣು ಗಂಡನ್ನು ಕರೆಯಲು ಬಳಸುತ್ತವೆ. ಪತಂಗಗಳ ಫೆರೊಮೋನ್, ಅಂದರೆ ತನ್ನ ಜಾತಿಯ ಇನ್ನೊಂದಕ್ಕೆ ಸುದ್ದಿ ಕೊಡಲು ಸೂಸುವ ರಾಸಾಯನಿಕಗಳ ಅಧ್ಯಯನದಲ್ಲಿ ಹೆಸರಾದ ವೆಂಡೆಲ್ ರೋಲೋಫ್ಸ್ ಆ ಲೇಖನದ ಸಹಲೇಖಕರಲ್ಲಿ ಒಬ್ಬರು. ಒಂದು ಗ್ರಾಂ ತೂಗದ ಜೀವಿಗೂ ಮೂರು ಟನ್ ತೂಗುವ ಜೀವಿಗೂ ಒಂದೇ ಅಣು. ಹಾಗೆಂದು ಪತಂಗಗಳೆಲ್ಲ ಆನೆಯ ಹಿಂದೆ ಹಾರಿ ಬರುವುದಿಲ್ಲ. ಪತಂಗಗಳಲ್ಲಿ ಪ್ರತಿ ಜಾತಿಗೂ ಹಲವು ಅಣುಗಳ ಬೇರೆ ಬೇರೆ ಪ್ರಮಾಣದ ಮಿಶ್ರಣ ಬೇಕು, ಇದೊಂದೇ ಸಾಲದು. ಪತಂಗ ಸೂಸುವ ಪ್ರಮಾಣವೋ ಆನೆಯ ಗಮನಕ್ಕೆ ಬರಲಾರದಷ್ಟು ಅತ್ಯಲ್ಪ.

ಈ ಅಣು ಹೆಣ್ಣಾನೆಯ ಮೂತ್ರದಲ್ಲಿ ಯಾವಾಗಲೂ ಒಂದೇ ಮಟ್ಟದಲ್ಲಿ ಇರುವುದಿಲ್ಲ. ಅಂಡ ಬಿಡುಗಡೆಯ ಹಿಂದಿನ ವಾರಗಳಲ್ಲಿ ಏರುತ್ತಾ ಹೋಗಿ, ಬಿಡುಗಡೆ ಹತ್ತಿರವಾದಾಗ ತುತ್ತತುದಿ ಮುಟ್ಟುತ್ತದೆ. ಇಲ್ಲಿ ಆನೆಯ ದೇಹದ ಇನ್ನೊಂದು ವಿಚಿತ್ರ ಕೂಡಿಕೊಳ್ಳುತ್ತದೆ. ಹಸುವಿನಲ್ಲಿ ಅಂಡ ಹೊರಬರಲು ಕಾರಣವಾಗುವ ಎಲ್‌ಎಚ್ ಹಾರ್ಮೋನು ಒಂದು ಸಲ ಚಿಮ್ಮುತ್ತದೆ. ಆನೆಯಲ್ಲಿ ಎರಡು ಸಲ, ನಡುವೆ ಸುಮಾರು ಮೂರು ವಾರ ಅಂತರ. ಅಂಡ ಬರುವುದು ಎರಡನೆಯದಕ್ಕೆ ಮಾತ್ರ. ಮೊದಲನೆಯದು ಏಕೆ ಅನ್ನುವುದಕ್ಕೆ ಹಲವು ವಿವರಣೆಗಳಿವೆ. ಅವುಗಳಲ್ಲಿ ಒಂದು ನನಗೆ ಬಹಳ ಒಪ್ಪಿಗೆಯಾಗುತ್ತದೆ: ದೂರದ ಗಂಡಾನೆಗೆ ಸುದ್ದಿ ತಲುಪಿ, ಅದು ಹುಡುಕಿಕೊಂಡು ಬರಲು ಸಮಯ ಬೇಕು. ಮೂತ್ರದ ಆ ಏರಿಕೆ ಮುಂಚಿತವಾಗಿ ಕಳಿಸಿದ ಆಹ್ವಾನ.

ಇನ್ನೂ ಒಂದು ಸೂಕ್ಷ್ಮ ಇದೆ. ಈ ಅಣು ಬೇಗ ಆರಿಹೋಗುವಂಥದ್ದು. ನೆಲಕ್ಕೆ ಬಿದ್ದ ಮೂತ್ರದಿಂದ ಅದು ಹಾರಿಹೋದರೆ ಸುದ್ದಿ ಅಲ್ಲಿಗೇ ಮುಗಿಯಿತು. ಆದರೆ ಆನೆಯ ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಇರುತ್ತದೆ, ಅದು ಈ ಅಣುವನ್ನು ಹಿಡಿದಿಟ್ಟುಕೊಳ್ಳುತ್ತದೆ. ರಾಸ್‌ಮುಸೆನ್ ಅವರ ಗುಂಪು 2004ರಲ್ಲಿ ಇದನ್ನು ತೋರಿಸಿತು. ಮೂತ್ರ ಕ್ಷಾರೀಯವಾಗಿದ್ದಾಗ ಹಿಡಿತ ಬಿಗಿ. ಗಂಡಾನೆಯ ಸೊಂಡಿಲಿನ ಲೋಳೆಗೆ ಬಂದಾಗ ಆಮ್ಲೀಯತೆ ಹೆಚ್ಚುತ್ತದೆ, ಹಿಡಿತ ಸಡಿಲವಾಗುತ್ತದೆ, ಅಣು ಬಿಡುಗಡೆಯಾಗುತ್ತದೆ. ಮನುಷ್ಯರ ಮೂತ್ರದಲ್ಲಿ ಆಲ್ಬುಮಿನ್ ಕಂಡರೆ ಡಾಕ್ಟರು ಮೂತ್ರಪಿಂಡದ ತೊಂದರೆ ಅನ್ನುತ್ತಾರೆ. ಇಲ್ಲಿ ಅದೇ ಪ್ರೋಟೀನಿಗೆ ಸುದ್ದಿ ಹೊರುವ ಕೆಲಸ. ಒಂದು ಜಾತಿಗೆ ರೋಗದ ಗುರುತಾದದ್ದು ಇನ್ನೊಂದು ಜಾತಿಗೆ ಆರೋಗ್ಯದ ಲಕ್ಷಣ ಆಗಬಹುದು, ಇದನ್ನು ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು.

ಗಂಡಾನೆಯ ಮದದ ಬಗ್ಗೆ ಸ್ವಲ್ಪ ಹೇಳದಿದ್ದರೆ ಆನೆಯ ಮಾತು ಪೂರ್ತಿಯಾಗುವುದಿಲ್ಲ. ದುಬಾರೆ, ಸಕ್ರೆಬೈಲಿನಂಥ ಶಿಬಿರಗಳ ಮಾವುತರು, ಕಾವಾಡಿಗಳು ಮಸ್ತಿ ಬಂತೆಂದು ಗುರುತಿಸಲು ಕೆನ್ನೆಯ ಮೇಲೆ ಇಳಿಯುವ ಮದಜಲವನ್ನು ನೋಡುತ್ತಾರೆ, ಹಿಂಗಾಲುಗಳ ನಡುವೆ ಮೂತ್ರ ತೊಟ್ಟಿಕ್ಕುತ್ತಿದೆಯೇ ಎಂದೂ ನೋಡುತ್ತಾರೆ. ಪೂರ್ಣ ಮದದಲ್ಲಿರುವ ಆನೆ ನಡೆಯುತ್ತಲೇ ಹನಿ ಹನಿಯಾಗಿ ಮೂತ್ರ ಸುರಿಸುತ್ತಾ ಹೋಗುತ್ತದೆ, ಆ ದಾರಿಯಲ್ಲಿ ಬರುವ ಎಳೆಯ ಗಂಡಾನೆ ಅದನ್ನು ಮೂಸಿ ಹಿಂದೆ ಸರಿಯುತ್ತದೆ. ಮದಜಲದಲ್ಲಿ ಫ್ರಾಂಟಾಲಿನ್ ಎಂಬ ವಸ್ತು ಇರುತ್ತದೆ, ಇದನ್ನು ಮರದ ತೊಗಟೆ ಕೊರೆಯುವ ದುಂಬಿಗಳೂ ಬಳಸುತ್ತವೆ. ಎಳೆಯ ಆನೆಗಳ ಮೊದಮೊದಲ ಮದದಲ್ಲಿ ಮಾತ್ರ ವಾಸನೆಯೇ ಬೇರೆ, ಜೇನಿನ ಹಾಗೆ ಸಿಹಿ. ನಮ್ಮ ಹಳೆಯ ಕಾವ್ಯಗಳಲ್ಲಿ ಮದಗಜದ ಕೆನ್ನೆಗೆ ತುಂಬಿಗಳು ಮುತ್ತುವ ವರ್ಣನೆಯನ್ನು ಶಾಲೆಯಲ್ಲಿ ಓದಿದವರು ಇಲ್ಲಿದ್ದೀರಿ. ಅದು ಕವಿಸಮಯ ಎಂದು ಪಾಠ ಹೇಳುತ್ತಾರೆ. 2002ರಲ್ಲಿ ರಾಸ್‌ಮುಸೆನ್, ಮುದುಮಲೈಯ ಹೆಸರಾಂತ ಆನೆವೈದ್ಯ ಡಾ. ವಿ. ಕೃಷ್ಣಮೂರ್ತಿ ಮತ್ತು ಇನ್ನೊಬ್ಬರು ಸೇರಿ ಬರೆದ ಲೇಖನದಲ್ಲಿ ಎಳೆಯ ಆನೆಯ ಮದಜಲದ ಸಿಹಿ ವಾಸನೆಯನ್ನು ರಾಸಾಯನಿಕವಾಗಿ ತೋರಿಸಿದರು, ಹಳೆಯ ಕವಿಗಳ ಆ ಮಾತನ್ನೂ ನೆನೆದರು. ನನಗೆ ಇದು ಬಹಳ ಸಂತೋಷ ಕೊಡುವ ಸಂಗತಿ. ಆನೆಯನ್ನು ಹತ್ತಿರದಿಂದ ನೋಡಿದ ಯಾರೋ ಒಬ್ಬರು ಮೊದಲು ಅದನ್ನು ಗಮನಿಸಿದ್ದರು, ಆಮೇಲೆ ಅದು ಕಾವ್ಯವಾಯಿತು.

ಹುಲಿಯ ಬಗ್ಗೆ ಒಂದೇ ಮಾತು, ಏಕೆಂದರೆ ಅದು ನಮ್ಮ ದೇಶದ ಕೆಲಸ. ಹುಲಿ ಬಾಲ ಎತ್ತಿ ಮರದ ಬುಡಕ್ಕೆ ಹಿಮ್ಮುಖವಾಗಿ ಚಿಮ್ಮಿಸುವ ದ್ರವಕ್ಕೆ ಘಮಘಮಿಸುವ ಅಕ್ಕಿಯ ವಾಸನೆ ಇರುತ್ತದೆ. ಕಾಡಿನಲ್ಲಿ ಕೆಲಸ ಮಾಡುವವರಿಗೆ ಇದು ಗೊತ್ತು. ಕೋಲ್ಕತ್ತದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ರತನ್‌ಲಾಲ್ ಬ್ರಹ್ಮಚಾರಿ ಮತ್ತು ಅವರ ಸಹೋದ್ಯೋಗಿಗಳು 1990ರಲ್ಲಿ ತೋರಿಸಿದ ಪ್ರಕಾರ, ಬಾಸ್ಮತಿ ಅಕ್ಕಿಗೆ ಪರಿಮಳ ಕೊಡುವ ಅಣುವೇ ಹುಲಿಯ ಆ ದ್ರವದಲ್ಲೂ ಇದೆ. ಜೊತೆಗಿರುವ ಕೊಬ್ಬಿನ ಅಂಶ ಆ ವಾಸನೆಯನ್ನು ಬೇಗ ಆರದಂತೆ ಹಿಡಿದಿಡುತ್ತದೆ. ಹೆಣ್ಣು ಹುಲಿ ಬೆದೆಗೆ ಬರುವ ಮುಂಚಿನ ದಿನಗಳಲ್ಲಿ ಹೀಗೆ ಗುರುತು ಹಾಕುವುದು ಹೆಚ್ಚುತ್ತದೆ. ಆನೆಯ ಆಲ್ಬುಮಿನ್, ಹುಲಿಯ ಕೊಬ್ಬು, ಇಲಿಯ ಮೂತ್ರದಲ್ಲಿರುವ ಪ್ರೋಟೀನು, ಮೂರೂ ಮಾಡುವ ಕೆಲಸ ಒಂದೇ, ಸುದ್ದಿ ಹೆಚ್ಚು ಹೊತ್ತು ಉಳಿಯುವಂತೆ ನೋಡಿಕೊಳ್ಳುವುದು.

ಇಲಿಯ ಮಾತು ಬಂದದ್ದರಿಂದ ಹೇಳುತ್ತೇನೆ. ಮೂತ್ರ ದೇಹದ ಸ್ಥಿತಿಯನ್ನು ತಿಳಿಸುವುದಷ್ಟೇ ಅಲ್ಲ, ಓದಿದವರ ದೇಹದ ಸ್ಥಿತಿಯನ್ನೇ ಬದಲಿಸಬಲ್ಲದು. 1959ರಲ್ಲಿ ಲಂಡನ್ನಿನಲ್ಲಿ ಹಿಲ್ಡಾ ಬ್ರೂಸ್ ಒಂದು ಸಂಗತಿ ಗಮನಿಸಿದರು. ಆಗಷ್ಟೇ ಗಂಡಿನ ಜೊತೆ ಕೂಡಿದ ಸುಂಡಿಲಿಯನ್ನು ಅಪರಿಚಿತ ಗಂಡಿನ ಹತ್ತಿರ ಇಟ್ಟರೆ ಗರ್ಭ ನಿಲ್ಲುವುದಿಲ್ಲ, ಹೆಣ್ಣು ಮತ್ತೆ ಬೆದೆಗೆ ಬರುತ್ತದೆ. ಗಂಡನ್ನು ಕಾಣದಿದ್ದರೂ ಅದು ಇದ್ದ ಜಾಗದ, ಅದರ ಮೂತ್ರದ ವಾಸನೆ ಸಾಕು. ಹೈನುಗಾರಿಕೆಗೆ ಇದನ್ನು ನೇರವಾಗಿ ಅನ್ವಯಿಸಬೇಡಿ, ಹಸುವಿನಲ್ಲಿ ಹೀಗಾಗುತ್ತದೆ ಎಂದು ನಾನು ಹೇಳುತ್ತಿಲ್ಲ.

ಎಮ್ಮೆ ಕಟ್ಟಿದವರಿಗೆ ಉಪಯೋಗಕ್ಕೆ ಬರುವ ಮಾತಿಗೆ ಬರೋಣ. ಎಮ್ಮೆಯ ಮೂಕ ಬೆದೆ ಎಷ್ಟು ನಷ್ಟ ಮಾಡುತ್ತದೆ ಅನ್ನುವುದು ನಿಮಗೇ ಗೊತ್ತು. ಕೂಗುವುದಿಲ್ಲ, ಹತ್ತುವುದಿಲ್ಲ, ಲೋಳೆಯೂ ಕೆಲವೊಮ್ಮೆ ಕಾಣುವುದಿಲ್ಲ. 21 ದಿನ ಹೋಯಿತೆಂದರೆ ಮತ್ತೆ 21 ದಿನ. ತಮಿಳುನಾಡಿನ ತಿರುಚಿರಾಪಳ್ಳಿಯ ಭಾರತಿದಾಸನ್ ವಿಶ್ವವಿದ್ಯಾಲಯದಲ್ಲಿ ಅರ್ಚುನನ್ ಅವರ ತಂಡ ಬೆದೆಯಲ್ಲಿರುವ ಎಮ್ಮೆಯ ಮೂತ್ರದಲ್ಲಿ ಪ್ಯಾರಾಕ್ರಿಸಾಲ್ ಎಂಬ ವಸ್ತುವನ್ನು ಗುರುತಿಸಿತು, ಅದಕ್ಕೆ ಕೋಣಗಳು ಮೂತಿ ಎತ್ತಿ ಪ್ರತಿಕ್ರಿಯಿಸುವುದನ್ನೂ ತೋರಿಸಿತು. ಮೂಕ ಬೆದೆಯಲ್ಲಿ ಮೂಕವಾಗಿರುವುದು ನಡವಳಿಕೆ ಮಾತ್ರ. ಕೋಣ ಇರುವ ಮನೆಯವರಿಗೆ ಬೆದೆ ತಪ್ಪಿಹೋಗುವುದು ಕಡಿಮೆ ಆಗುವುದಕ್ಕೆ ಇದೂ ಒಂದು ಕಾರಣ.

ಇನ್ನು ಗರ್ಭಪರೀಕ್ಷೆ. ಮನುಷ್ಯರ ಗರ್ಭ ಪರೀಕ್ಷಿಸುವ ಕಾರ್ಡನ್ನು ಮೆಡಿಕಲ್ ಶಾಪ್‌ನಿಂದ ತಂದು ಹಸುವಿನ ಗಂಜಲ ಹಾಕಿ ನೋಡಬಹುದೇ ಎಂದು ಕೇಳುವವರು ಬಹಳ. ಆಗುವುದಿಲ್ಲ. ಆ ಕಾರ್ಡು ಹುಡುಕುವುದು ಎಚ್‌ಸಿಜಿ ಎಂಬ ಹಾರ್ಮೋನನ್ನು, ಅದನ್ನು ಮನುಷ್ಯರ ಮಾಸು ತಯಾರಿಸುತ್ತದೆ, ಹಸುವಿನ ಮಾಸು ತಯಾರಿಸುವುದಿಲ್ಲ. ಕಾರ್ಡಿನಲ್ಲಿ ಒಂದೇ ಗೆರೆ ಬಂದದ್ದನ್ನು ನಂಬಿ ಗಬ್ಬದ ಹಸುವನ್ನು ಮಾರಿಬಿಟ್ಟರೆ ನಷ್ಟ ನಿಮ್ಮದೇ.

ಗಂಜಲದಲ್ಲಿ ಕಾಳು ಮೊಳೆಯಿಸಿ ಗಬ್ಬ ತಿಳಿಯುವ ಪರೀಕ್ಷೆ ಹೇಗೆ ಎಂದು ನಿಮ್ಮಲ್ಲಿ ಕೆಲವರು ಕೇಳಿದ್ದೀರಿ. ಇದಕ್ಕೆ ಸಾವಿರಾರು ವರ್ಷಗಳ ಇತಿಹಾಸ ಇದೆ. ಪ್ರಾಚೀನ ಈಜಿಪ್ಟಿನ ಪಪೈರಸ್ ಹಾಳೆಗಳಲ್ಲಿ, ಹೆಂಗಸಿನ ಮೂತ್ರವನ್ನು ಗೋಧಿ ಮತ್ತು ಬಾರ್ಲಿಗೆ ಹಾಕಿ, ಮೊಳೆತರೆ ಬಸಿರು ಎಂದು ಬರೆದಿದೆ. 1963ರಲ್ಲಿ ಈಜಿಪ್ಟಿನ ಸಂಶೋಧಕರು ಅದನ್ನು ನಿಜವಾಗಿಯೂ ಮಾಡಿ ನೋಡಿದಾಗ, ಬಸುರಿಯರ ಮೂತ್ರ ಹಾಕಿದ ಕಾಳುಗಳು ಸುಮಾರು ನೂರಕ್ಕೆ ಎಪ್ಪತ್ತರಷ್ಟು ಸಲ ಮೊಳೆತವು. ಕಾಳು ನೋಡಿ ಹುಟ್ಟುವ ಮಗು ಗಂಡೋ ಹೆಣ್ಣೋ ಹೇಳುವ ಭಾಗ ಮಾತ್ರ ಸುಳ್ಳಾಯಿತು. ನಮ್ಮ ದೇಶದಲ್ಲಿ ಇದನ್ನು ಹಸುಗಳಿಗೆ ಒಗ್ಗಿಸಿದ ವರದಿ 1993ರಲ್ಲಿ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಬಂತು, ಪುಣ್ಯಕೋಟಿ ಪರೀಕ್ಷೆ ಎಂದೇ ಅದು ಹೆಸರಾಗಿದೆ. ಸೋಜಿಗ ಏನೆಂದರೆ ಹಸುವಿನಲ್ಲಿ ಫಲಿತಾಂಶ ತಿರುಗುಮುರುಗು. ಗಬ್ಬದ ಹಸುವಿನ ಗಂಜಲ ಗೋಧಿ ಮೊಳೆಯುವುದನ್ನು ತಡೆಯುತ್ತದೆ, ಮೊಳೆತರೂ ಮೊಳಕೆ ಗಿಡ್ಡವಾಗಿಯೇ ಉಳಿಯುತ್ತದೆ. ಆಬ್ಸಿಸಿಕ್ ಆಮ್ಲ ಎಂಬ, ಬೀಜವನ್ನು ಮಲಗಿಸಿಡುವ ಸಸ್ಯ ಹಾರ್ಮೋನು ಗಬ್ಬದ ಹಸುವಿನ ಗಂಜಲದಲ್ಲಿ ಹೆಚ್ಚಿರುತ್ತದೆ ಅನ್ನುವುದು ಅದಕ್ಕೆ ಕೊಡುವ ಕಾರಣ.

ಮಾಡಿ ನೋಡುವವರಿಗೆ ನನ್ನ ಎಚ್ಚರಿಕೆ ಇದು. ಗಂಜಲಕ್ಕೆ ನೀರು ಬೆರೆಸದಿದ್ದರೆ ಅದರಲ್ಲಿರುವ ಯೂರಿಯಾ ಮತ್ತು ಲವಣಗಳೇ ಕಾಳನ್ನು ಕೊಲ್ಲುತ್ತವೆ, ಗಬ್ಬ ಇರಲಿ ಬಿಡಲಿ. ಹಾಗಾಗಿ ಮೂರು ತಟ್ಟೆ ಇಡಿ: ಒಂದಕ್ಕೆ ಬರೀ ನೀರು, ಇನ್ನೊಂದಕ್ಕೆ ಖಂಡಿತ ಗಬ್ಬ ಇಲ್ಲದ ಹಸುವಿನ ಗಂಜಲ ನೀರು ಬೆರೆಸಿದ್ದು, ಮೂರನೆಯದಕ್ಕೆ ನಿಮಗೆ ತಿಳಿಯಬೇಕಾದ ಹಸುವಿನದು, ಎರಡಕ್ಕೂ ಬೆರೆಸುವ ನೀರು ಒಂದೇ ಪ್ರಮಾಣದಲ್ಲಿರಲಿ. ಬರೀ ನೀರಿನ ತಟ್ಟೆಯಲ್ಲೇ ಕಾಳು ಸರಿಯಾಗಿ ಮೊಳೆಯದಿದ್ದರೆ ಬೀಜವೇ ಸರಿಯಿಲ್ಲ, ಪರೀಕ್ಷೆ ಬಿಟ್ಟುಬಿಡಿ. ಏನೇ ಬಂದರೂ ಎರಡು ತಿಂಗಳಿಗೆ ಪಶುವೈದ್ಯರಿಂದ ಕೈ ಹಾಕಿಸಿ ಖಚಿತ ಮಾಡಿಕೊಳ್ಳಿ. ಶಾಲೆಯ ಮಕ್ಕಳಿಗೆ ಇದು ಒಳ್ಳೆಯ ಪ್ರಯೋಗ, ವ್ಯವಹಾರದ ತೀರ್ಮಾನಕ್ಕೆ ಇದೊಂದನ್ನೇ ನೆಚ್ಚಬಾರದು.

ಆನೆಯ ಗರ್ಭಪರೀಕ್ಷೆ ಇನ್ನೂ ಕಷ್ಟ. ದೊಡ್ಡ ಹೊಟ್ಟೆಯ ಪ್ರಾಣಿ, ಹೊರಗೆ ಏನೂ ಗೊತ್ತಾಗುವುದಿಲ್ಲ. ನಿಮಗೆಲ್ಲ ನೆನಪಿರಬೇಕು, 2022ರ ಸೆಪ್ಟೆಂಬರ್‌ನಲ್ಲಿ ದಸರಾಕ್ಕೆ ಬಂದಿದ್ದ ಲಕ್ಷ್ಮಿ ಆನೆ ಮೈಸೂರಿನ ಅರಮನೆ ಆವರಣದಲ್ಲೇ ಗಂಡುಮರಿ ಹಾಕಿತು. ಆಮೇಲೆ ಹೆಣ್ಣಾನೆಗಳ ಗರ್ಭಪರೀಕ್ಷೆ ಮಾಡಿಸಿ ಕರೆತರುವ ರೂಢಿ ಬಂತು. ಇದು ಬಹಳ ಸರಿಯಾದ ಕ್ರಮ. ಗರ್ಭವನ್ನು ಉಳಿಸುವ, ನಮಗೆ ಪರಿಚಯದ ಪ್ರೊಜೆಸ್ಟರೋನ್ ಹಾರ್ಮೋನು ಆನೆಯ ರಕ್ತದಲ್ಲಿ ತೀರ ಕಡಿಮೆ. ಅದರ ಕೆಲಸವನ್ನು ಅದಕ್ಕೆ ಸಂಬಂಧಿಸಿದ ಬೇರೆ ರೂಪಗಳು ಮಾಡುತ್ತವೆ, ಮೂತ್ರದಲ್ಲಿ ಅದರ ಕುರುಹು ಪ್ರೆಗ್ನೇನ್‌ಟ್ರಯೋಲ್ ಎಂಬ ವಸ್ತುವಾಗಿ ಬರುತ್ತದೆ. ಅದು ಹೆಚ್ಚಿದೆ ಎಂದು ಒಂದು ದಿನ ಗೊತ್ತಾದರೆ ಆನೆ ಗರ್ಭಿಣಿಯೇ? ಹೇಳಲಾಗದು. ಗರ್ಭ ಕಟ್ಟದಿದ್ದರೂ ಪ್ರತಿ ಚಕ್ರದಲ್ಲೂ ಎಂಟು ಹತ್ತು ವಾರ ಆ ಮಟ್ಟ ಮೇಲೇ ಇರುತ್ತದೆ. ವಾರಕ್ಕೊಂದು ಮಾದರಿಯಂತೆ ತಿಂಗಳುಗಟ್ಟಲೆ ನೋಡಿ, ಇಳಿಯಬೇಕಾದ ಸಮಯದಲ್ಲಿ ಇಳಿಯದಿದ್ದರೆ ಆಗ ಗರ್ಭ ಎಂದು ಹೇಳಬಹುದು. ನಾನು ಇವತ್ತು ಒತ್ತಿ ಹೇಳಬೇಕೆಂದಿರುವುದು ಇದನ್ನೇ. ಒಂದು ಮಾದರಿಯಿಂದ ದೇಹದ ಸ್ಥಿತಿ ಗೊತ್ತಾಗುವುದು ಅಪರೂಪ, ನಿನ್ನೆ ಏನಿತ್ತು ಅನ್ನುವುದು ಜೊತೆಗೆ ಬೇಕು. ಹೋರಿಯನ್ನು ಗಮನಿಸಿ, ಅದೂ ಒಂದು ಸಲ ಮೂಸಿ ಸುಮ್ಮನಾಗುವುದಿಲ್ಲ, ಮತ್ತೆ ಮತ್ತೆ ಬಂದು ನೋಡುತ್ತದೆ.

ಜೊತೆಗೆ ನೀರಿನ ಲೆಕ್ಕವೂ ಬೇಕು. ಒಂದು ಚಮಚ ಸಕ್ಕರೆಯನ್ನು ಅರ್ಧ ಲೋಟಕ್ಕೂ ಒಂದು ಬಿಂದಿಗೆಗೂ ಹಾಕಿದರೆ ಸಿಹಿ ಬೇರೆ ಬೇರೆ, ಸಕ್ಕರೆ ಅಷ್ಟೇ. ಬೆಳಗ್ಗೆ ಗಟ್ಟಿಯಾಗಿ ಬಂದ ಮೂತ್ರವನ್ನೂ ಮಧ್ಯಾಹ್ನ ಬಾನಿ ಖಾಲಿ ಮಾಡಿದ ಮೇಲೆ ಬಂದದ್ದನ್ನೂ ನೇರವಾಗಿ ಹೋಲಿಸಿದರೆ ಮೋಸ ಹೋಗುತ್ತೀರಿ. ಅದಕ್ಕೇ ಪ್ರಯೋಗಶಾಲೆಯಲ್ಲಿ ಕ್ರಿಯಾಟಿನಿನ್ ಎಂಬ ವಸ್ತುವನ್ನೂ ಅಳೆಯುತ್ತಾರೆ. ಅದು ಸ್ನಾಯುಗಳಿಂದ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹೊರಬರುತ್ತದೆ, ಅದರೊಂದಿಗೆ ಹೋಲಿಸಿ ಹಾರ್ಮೋನಿನ ಲೆಕ್ಕ ಹಾಕುತ್ತಾರೆ.

ಎರಡನೆಯ ಬಗೆಯ ಸುದ್ದಿಗೆ, ದೇಹದ ವ್ಯವಹಾರದಿಂದ ತಾನಾಗಿ ಹೊರಬಿದ್ದದ್ದಕ್ಕೆ, ನಮ್ಮ ಕೊಟ್ಟಿಗೆಯದೇ ಉದಾಹರಣೆ ಇದೆ. ಹಸು ಈದು ಎರಡು ಮೂರು ವಾರ ಆಗಿದೆ. 20 ಲೀಟರ್ ಕೊಡುವ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ. ಒಂದು ಬೆಳಗ್ಗೆ ಹಿಂಡಿ, ಬೂಸಾ ಮುಟ್ಟುವುದಿಲ್ಲ, ಹುಲ್ಲು ಮಾತ್ರ ತಿನ್ನುತ್ತದೆ. ಹಾಲು ಇಳಿಯುತ್ತದೆ. ಜ್ವರ ಇಲ್ಲ. ಸಗಣಿ ಗಟ್ಟಿ. ಬಾಯಿಯ ಹತ್ತಿರ ಹೋದರೆ ಕೆಲವರಿಗೆ ಒಂದು ಬಗೆಯ ಸಿಹಿ ವಾಸನೆ ತಿಳಿಯುತ್ತದೆ. ಇದು ಕೀಟೋಸಿಸ್. ಒಂದು ಲೀಟರ್ ಹಾಲಿಗೆ ಸುಮಾರು 72 ಗ್ರಾಂ ಗ್ಲೂಕೋಸ್ ಬೇಕು, 20 ಲೀಟರಿಗೆ ಹತ್ತಿರ ಹತ್ತಿರ ಒಂದೂವರೆ ಕೆಜಿ. ಈದ ಹೊಸದರಲ್ಲಿ ಹಾಲು ಬೇಗ ಏರುತ್ತದೆ, ಹಸಿವು ನಿಧಾನವಾಗಿ ಏರುತ್ತದೆ. ಕೊರತೆ ತುಂಬಲು ದೇಹ ಕೊಬ್ಬು ಕರಗಿಸುತ್ತದೆ. ಆ ಕೊಬ್ಬನ್ನು ಪೂರ್ತಿ ಉರಿಸಲಾಗದೆ ಯಕೃತ್ತು ಕೀಟೋನ್‌ಗಳನ್ನು ಮಾಡುತ್ತದೆ, ಅವು ಗಂಜಲದಲ್ಲಿ ಬರುತ್ತವೆ.

ಇದನ್ನು ನೋಡಲು ರೊಥೆರಾ ಪುಡಿ ಸಾಕು. ಅಮೋನಿಯಂ ಸಲ್ಫೇಟಿನಲ್ಲಿ ಸೋಡಿಯಂ ಕಾರ್ಬೊನೇಟನ್ನೂ ಸ್ವಲ್ಪ ಸೋಡಿಯಂ ನೈಟ್ರೊಪ್ರುಸೈಡನ್ನೂ ಬೆರೆಸಿದ ಪುಡಿ ಅದು. ಬಿಳಿ ಪಿಂಗಾಣಿಯ ಮೇಲೆ ಚಿಟಿಕೆ ಪುಡಿ ಇಟ್ಟು ಮೇಲೆ ಎರಡು ಹನಿ ಗಂಜಲ ಬಿಟ್ಟರೆ, ಕೀಟೋನ್ ಇದ್ದಾಗ ಅಂಚಿನಿಂದ ನೇರಳೆ ಬಣ್ಣ ಏಳುತ್ತದೆ. ಜಾಸ್ತಿ ಇದ್ದರೆ ಮಾಗಿದ ನೇರಳೆ ಹಣ್ಣಿನ ಬಣ್ಣಕ್ಕೇ ಹೋಗುತ್ತದೆ. ಮಸುಕು ಗುಲಾಬಿ ಕಂಡರೆ ಗಾಬರಿ ಬೇಡ, ಈದ ಹೊಸದರಲ್ಲಿ ಆರೋಗ್ಯವಂತ ಹಸುವಿನಲ್ಲೂ ಸ್ವಲ್ಪ ಕಾಣಬಹುದು. ಮರುದಿನ ಮತ್ತೆ ನೋಡಿ.

ಗಂಜಲ ಹಿಡಿಯುವುದು ಹೇಗೆ? ಬಾಲವನ್ನು ಒಂದು ಕಡೆಗೆ ಸರಿಸಿ, ಯೋನಿಯ ಕೆಳತುದಿಯ ಚರ್ಮವನ್ನು ಬೆರಳ ತುದಿಯಿಂದ ಹಗುರವಾಗಿ ಮೇಲೆ ಕೆಳಗೆ ಸವರುತ್ತಾ ಇರಿ. ಒತ್ತಬೇಡಿ, ಚುಚ್ಚಬೇಡಿ. ಬಹಳಷ್ಟು ಹಸುಗಳು ಸ್ವಲ್ಪ ಹೊತ್ತಿನಲ್ಲಿ ಬೆನ್ನು ಬಾಗಿಸುತ್ತವೆ. ಮೊದಲ ಧಾರೆ ಬಿಟ್ಟು ನಡುವಿನದನ್ನು ತೊಳೆದ ಬಾಟಲಿಗೆ ಹಿಡಿಯಿರಿ. ಕೈಗೆ ಗ್ಲೌಸ್ ಇರಲಿ. ಇಲಿ ಜ್ವರದ ರೋಗಾಣು ಇಲಿಗಳ ಮೂತ್ರದಲ್ಲಿ ಮಾತ್ರ ಇರುವುದಿಲ್ಲ, ದನಗಳ ಮೂತ್ರದಲ್ಲೂ ಬರುತ್ತದೆ. ಕೈಯಲ್ಲಿ ಗಾಯ ಇದ್ದವರು ಈ ಕೆಲಸ ಬೇರೆಯವರಿಗೆ ಬಿಡಿ.

ಪುಡಿ ಸಿಗದಿದ್ದರೆ ಮನುಷ್ಯರ ಸಕ್ಕರೆ ಕಾಯಿಲೆಗೆ ಮಾರುವ ಮೂತ್ರದ ಕೀಟೋನ್ ಪಟ್ಟಿ ಆಗುತ್ತದೆಯೇ ಎಂದು ಹಿಂದಿನ ಸಾಲಿನಿಂದ ಕೇಳಿದರು. ಆಗುತ್ತದೆ. ಗರ್ಭದ ಕಾರ್ಡಿನ ಹಾಗಲ್ಲ ಇದು. ಕೀಟೋನ್ ಮನುಷ್ಯರಲ್ಲೂ ಹಸುವಿನಲ್ಲೂ ಒಂದೇ ವಸ್ತು, ಪಟ್ಟಿಯ ರಸಾಯನವೂ ರೊಥೆರಾ ಪುಡಿಯದೇ. ಗಂಜಲ ಹಿಡಿದ ಕೂಡಲೇ ನೋಡಬೇಕು, ಇಟ್ಟರೆ ಕೀಟೋನ್ ಆರಿಹೋಗುತ್ತದೆ. ಡಬ್ಬಿಯ ಮೇಲೆ ಎಷ್ಟು ಸೆಕೆಂಡ್ ಎಂದು ಬರೆದಿದೆಯೋ ಅಷ್ಟಕ್ಕೇ ಬಣ್ಣ ನೋಡಿ, ಆಮೇಲೆ ಬದಲಾದ ಬಣ್ಣಕ್ಕೆ ಬೆಲೆಯಿಲ್ಲ. ಬಣ್ಣ ಗಾಢವಾಗಿದ್ದರೆ ಬೆಲ್ಲ ತಿನ್ನಿಸಿ ಕಾಯುತ್ತಾ ಕೂರಬೇಡಿ. ಬೆಲ್ಲದ ಹೆಚ್ಚಿನ ಪಾಲನ್ನು ಹೊಟ್ಟೆಯ ಸೂಕ್ಷ್ಮಜೀವಿಗಳೇ ಹುಳಿ ಹಿಡಿಸಿಬಿಡುತ್ತವೆ, ರಕ್ತಕ್ಕೆ ಗ್ಲೂಕೋಸ್ ಆಗಿ ಸೇರುವುದು ಕಡಿಮೆ. ಡಾಕ್ಟರಿಗೆ ಫೋನ್ ಮಾಡುವಾಗ ಹಸು ಈದ ದಿನ, ನಿನ್ನೆ ಮೊನ್ನೆಯ ಹಾಲಿನ ಲೆಕ್ಕ, ಪಟ್ಟಿಯ ಬಣ್ಣ, ಗಂಜಲ ಹಿಡಿದ ಹೊತ್ತು, ಈ ನಾಲ್ಕನ್ನೂ ಹೇಳಿ.